ಸೈಕಲ್ ಸವಾರಿ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಲ್ಲಿ ಯಾರಿಗೆ ಯಾವ ದಾರಿ?

2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್‌ಗಳು ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿವೆ. ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ರಬ್ಬರ್ ಬದಲಿಸಿದರೆ ಸಾಕು. ಕೆಳಗಿನ ದಾರಿಗಳಲ್ಲಿ ಹೆಚ್ಚಿನವಕ್ಕೆ ಗೇರ್ ಸೈಕಲ್ಲೇ ಬೇಕಂತಿಲ್ಲ.

ಮಕ್ಕಳು, ಹೊಸಬರು

ಹಾನಗಲ್ಲಿನವರು ದೂರ ಹೋಗಬೇಕಿಲ್ಲ. ನಸುಕಿನಲ್ಲಿ ಆನೆಕೆರೆ ಕಡೆ ಒಂದು ಸುತ್ತು ಹಾಕಿ, ತಾರಕೇಶ್ವರ ಗುಡಿ ಮುಂದೆ ಸೈಕಲ್ ನಿಲ್ಲಿಸಿ, ಒಳಗೆ ಚಾವಣಿಯಲ್ಲಿ ಕೆತ್ತಿದ ದೊಡ್ಡ ಕಮಲ ನೋಡಿ ಬಂದರೆ ಶಾಲೆ ಹೊತ್ತಿಗೆ ಮನೆ ಸೇರಬಹುದು.

ರೂಢಿ ಇದ್ದವರು: ಸವಣೂರು–ಬಂಕಾಪುರ

ನಾಲ್ಕು ತಾಲ್ಲೂಕಿನಲ್ಲಿ ಚಂದದ ದಾರಿ ಯಾವುದು ಅಂದರೆ ಇದನ್ನೇ ಹೇಳಬೇಕು. ಹೊರಡುವ ಮೊದಲು ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳನ್ನು ನೋಡಿ. ಜನ ದೊಡ್ಡ ಹುಣಸೆ ಅನ್ನುವ ಇವು ಆಫ್ರಿಕಾ ಮೂಲದ ಬಾವೊಬಾಬ್. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತ್ತು, ಅದನ್ನು ಎತ್ತಿ ಮತ್ತೆ ನೆಡಲಾಯಿತು. ಅಲ್ಲಿಂದ ಬಂಕಾಪುರ ಹೆಚ್ಚುಕಡಿಮೆ 10 ಕಿ.ಮೀ. ಎರಿಹೊಲಗಳ ಸೀಮೆ, ದೊಡ್ಡ ಏರು ಇಲ್ಲ.

ಅಡ್ಡಿ ಒಂದೇ, ನಡುವೆ ರಾಷ್ಟ್ರೀಯ ಹೆದ್ದಾರಿ 48 ದಾಟಬೇಕು. ಅಲ್ಲಿ ಇಳಿದು, ಸೈಕಲ್ ತಳ್ಳಿಕೊಂಡೇ ದಾಟಿ. ಹತ್ತಿರವಾಗುತ್ತೆ ಅಂತ ಉಲ್ಟಾ ದಿಕ್ಕಿನಲ್ಲಿ ಹೊಡೆಯೋದು ಬೇಡವೇ ಬೇಡ.

ಬಂಕಾಪುರ ಕೋಟೆಯೊಳಗೆ 139 ಎಕರೆಯ ನವಿಲುಧಾಮವಿದೆ. ಬೆಳಿಗ್ಗೆ, ಸಂಜೆ ನವಿಲು ಹೊರಗೆ ಬರುತ್ತವೆ. ಬೆಲ್ ಹೊಡೆದರೆ ಓಡುತ್ತವೆ. ಅರವತ್ತು ಕಂಬದ ನಾಗರೇಶ್ವರ ಗುಡಿಯೂ ಕೋಟೆಯೊಳಗೇ ಇದೆ. ವಾಪಸ್ ಬಂದು ಸವಣೂರಿನ ಖಾರ ತಿನ್ನದೆ ಹೋದವರು ಸವಣೂರಿಗೆ ಬಂದಂತೆಯೇ ಅಲ್ಲ.

ಶಿಗ್ಗಾವಿಯವರು ಹುಲಗೂರ ಮೇಲಿಂದ ಶಿಶುನಾಳಕ್ಕೆ ಹೋಗಬಹುದು. ಸಂತ ಶರೀಫರ (1819–1889) ಗದ್ದುಗೆ ಇರುವ ಊರು, ಹೋಗಿ ಬರಲು ಅರ್ಧ ದಿನ ಇಟ್ಟುಕೊಳ್ಳಿ. ಕನಕದಾಸರ ಬಾಡವೂ ಇದೇ ತಾಲ್ಲೂಕಿನದು.

ಗಟ್ಟಿ ಕಾಲಿನವರು

ಹಿರೇಕೆರೂರಿನಿಂದ ಮದಗ ಮಾಸೂರು ಕೆರೆ ಕಡೆ ಹೋದರೆ ಬಯಲು ಮುಗಿದು ಗುಡ್ಡ ಶುರು. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಾಗ ನೀರು ಧುಮುಕುವುದನ್ನು ನೋಡಲೆಂದೇ ಜನ ಬರುತ್ತಾರೆ. ಬಂಡೆ ಜಾರುತ್ತದೆ, ಸೆಲ್ಫಿಗೆ ಅಂಚಿಗೆ ಹೋಗಬೇಡಿ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಮುಗ್ಗರಿಸೋದು ಖರೆ. ಎರಡನ್ನೂ ಹಗೂರ ಹಿಡಿಯಿರಿ. ಏಕಾಂತದ ರಾಮಯ್ಯನ ಅಬಲೂರು ಇದೇ ತಾಲ್ಲೂಕಿನಲ್ಲಿದೆ, ಅದಕ್ಕೆ ಇನ್ನೊಂದು ದಿನ ಇಡುವುದು ಒಳ್ಳೆಯದು.

ವರದಾ ಹೊಳೆ ದಾಟುವ ಮುನ್ನ

ಹಾನಗಲ್ ತಾಲ್ಲೂಕಿನ ಕೂಡಲದಲ್ಲಿ ಧರ್ಮಾ ನದಿ ವರದೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹಿತವಾದ ಜಾಗ. ಜುಲೈ, ಆಗಸ್ಟ್‌ನಲ್ಲಿ ಮಾತು ಬೇರೆ. ವರದೆ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಇಲ್ಲಿ ಬಿಸಿಲಿದ್ದರೂ ಅಲ್ಲಿ ಮಳೆ ಹೊಡೆದರೆ ಹೊಳೆ ಏರುತ್ತದೆ, ತಗ್ಗಿನ ಬಾಂದಾರಗಳು ಮುಳುಗುತ್ತವೆ. ಮೇಲೆ ಹರಿಯುವ ನೀರು ಮೊಣಕಾಲಿಗೂ ಬರಲಿಲ್ಲ ಅಂತ ಸೈಕಲ್ ಇಳಿಸಬೇಡಿ. ನೀರಿನ ಸೆಳೆತ ಮೊದಲು ಚಕ್ರವನ್ನು ಎಳೆಯುತ್ತದೆ, ಹಿಂದೆಯೇ ಸವಾರನನ್ನು. ನಿನ್ನೆ ಹೋಗಿದ್ದೆ ಅನ್ನುವುದು ಇವತ್ತಿಗೆ ಲೆಕ್ಕಕ್ಕಿಲ್ಲ. ಸುತ್ತು ದಾರಿ ಹಿಡಿಯಿರಿ, ಇಲ್ಲವೇ ಮನೆಗೆ ವಾಪಸ್ ಬನ್ನಿ.

ಸವಣೂರು, ಶಿಗ್ಗಾವಿ ಎರಿಭೂಮಿಯಲ್ಲಿ ಮಳೆ ಬಿದ್ದ ದಿನ ಹೊಲದ ದಾರಿ ಬೇಡ. ಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರ ನಿಂತೇ ಬಿಡುತ್ತದೆ, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಗೋವಿನಜೋಳ ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ; ಇಳಿದು ನಡೆದರೆ ರೈತರ ಕಾಳೂ ಉಳಿಯುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿ ಬೆನ್ನಿಗೆ ಇರುವಂತೆ ದಾರಿ ಆರಿಸಿ.

ದಾರಿಬದಿ ಅಂಗಡಿಯವರಿಗೂ ಇದರಲ್ಲಿ ವ್ಯಾಪಾರವಿದೆ. ಜಾಲಿಮುಳ್ಳಿನ ಸೀಮೆ ಇದು. ಬೈಕ್ ಪಂಕ್ಚರ್ ಅಂಗಡಿಯ ಗಾಳಿ ಪೈಪು ಹಳೇ ಸೈಕಲ್ಲಿನ ವಾಲ್ವಿಗೆ ಹೊಂದುವುದಿಲ್ಲ. ಒಂದು ಕೈಪಂಪು, ನಾಲ್ಕು ವಾಲ್‌ಟ್ಯೂಬು, ಕುಡಿಯಲು ಒಂದು ಕೊಡ ನೀರು ಇಟ್ಟರೆ ಚಾ, ಗಿರ್ಮಿಟ್ ಗಿರಾಕಿಗಳು ತಾವಾಗೇ ನಿಲ್ಲುತ್ತಾರೆ.