ಗೇರು ಬದಲಿಸಬೇಕಿಲ್ಲದ ಕಾರು: ಬೊಮ್ಮಸಂದ್ರದ ರೇವಾ

ಬೆಂಗಳೂರಿನಿಂದ ಹೊಸೂರಿಗೆ ಸಾಗುವ ಹೆದ್ದಾರಿಯ ಬದಿಯಲ್ಲಿ, ಆನೇಕಲ್ ತಾಲ್ಲೂಕಿಗೆ ಸೇರಿದ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಕ್ಕೆ ಭಾರತದ ವಾಹನ ಚರಿತ್ರೆಯಲ್ಲಿ ಸ್ಥಾನ ದೊರಕಿಸಿಕೊಟ್ಟದ್ದು 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು. ಮೈನಿ ಸಮೂಹವು ಅಮೆರಿಕದ ಸಂಸ್ಥೆಯೊಂದರ ಸಹಯೋಗದಲ್ಲಿ 1994ರಲ್ಲಿ ಹುಟ್ಟುಹಾಕಿದ ಕಂಪನಿಯು ಚೇತನ್ ಮೈನಿಯವರ ಮುಂದಾಳತ್ವದಲ್ಲಿ ರೂಪಿಸಿದ ಈ ಕಾರಿನಲ್ಲಿ ಕ್ಲಚ್ ಪೆಡಲೂ ಇರಲಿಲ್ಲ, ಒಂದು, ಎರಡು, ಮೂರು ಎಂದು ಗೇರು ಹಾಕುವ ಕೆಲಸವೂ ಇರಲಿಲ್ಲ. ಇದರ ಮಹತ್ವ ತಿಳಿಯಬೇಕಾದರೆ ಗೇರಿನ ಅಗತ್ಯವೇ ಏಕೆ ಹುಟ್ಟಿತೆಂಬುದನ್ನು ನೋಡಬೇಕು.

ಗೇರು ಎಂದರೆ ಹಲ್ಲಿಗೆ ಹಲ್ಲು ಕೂಡಿಕೊಂಡು ತಿರುಗುವ ಚಕ್ರಗಳ ಜೋಡಿ. 10 ಹಲ್ಲಿನ ಚಕ್ರವು 40 ಹಲ್ಲಿನ ಚಕ್ರವನ್ನು ತಿರುಗಿಸಿದಾಗ ದೊಡ್ಡದರ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಅದನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಘರ್ಷಣೆಯ ನಷ್ಟವನ್ನು ಬಿಟ್ಟರೆ ನಾಲ್ಕು ಪಟ್ಟಾಗುತ್ತದೆ. ಸೈಕಲ್ಲಿನಲ್ಲಿ ನಡುವೆ ಚೈನು ಬಂದರೂ ಲೆಕ್ಕ ಇದೇ, ದಿಕ್ಕು ಮಾತ್ರ ತಿರುವು ಮುರುವು: ದೊಡ್ಡ ಚಕ್ರವು ಚಿಕ್ಕದನ್ನು ತಿರುಗಿಸುವುದರಿಂದ ಬಲ ತಗ್ಗಿ ವೇಗ ಹೆಚ್ಚುತ್ತದೆ. ಪೆಟ್ರೋಲ್ ಎಂಜಿನ್ನಿಗೆ ನಿಂತಲ್ಲಿಂದಲೇ ಎಳೆಯುವ ಶಕ್ತಿಯಿಲ್ಲ. ನಿಮಿಷಕ್ಕೆ ಕೆಲವು ನೂರು ಸುತ್ತಾದರೂ ತಿರುಗುತ್ತಿದ್ದರೆ ಮಾತ್ರ ಅದು ಜೀವಂತ, ಅದರ ಬಲವೂ ವೇಗದ ಒಂದು ಮಿತಿಯೊಳಗಷ್ಟೇ ಚೆನ್ನಾಗಿ ದೊರೆಯುತ್ತದೆ. 1888ರಲ್ಲಿ ಬರ್ತಾ ಬೆಂಜ್ ತಮ್ಮ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಕಾರಿನಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಾಗ ಕಡಿದಾದ ಏರುಗಳಲ್ಲಿ ಗಾಡಿಯನ್ನು ತಳ್ಳಬೇಕಾಯಿತು. ಏರಿಗೆಂದೇ ಇನ್ನೊಂದು ಗೇರು ಬೇಕೆಂಬ ಅರಿವು ಆ ಪ್ರಯಾಣದಿಂದ ಗಟ್ಟಿಯಾಯಿತು.

ಕರ್ನಾಟಕದಲ್ಲಿ ಗೇರಿನ ಕುಶಲತೆಗೆ ಎದ್ದು ಕಾಣುವ ನಿದರ್ಶನ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ ಅಲ್ಲಿ ತಯಾರಾದ ಜಾವಾ ಬೈಕುಗಳಲ್ಲೂ ನಂತರದ ಯೆಜ್ಡಿಗಳಲ್ಲೂ ಕಿಕ್ ಹೊಡೆಯುವ ಸನ್ನೆಯೇ ಮಡಚಿದಾಗ ಗೇರಿನ ಸನ್ನೆಯಾಗುತ್ತಿತ್ತು. ಒಂದೇ ಕಬ್ಬಿಣದ ತುಂಡಿಗೆ ಎರಡು ಕೆಲಸ ಹಚ್ಚಿದ ಈ ಜಾಣ್ಮೆಯು ಮೂಲತಃ ಚೆಕೊಸ್ಲೊವಾಕಿಯಾದ್ದಾದರೂ, ಅದನ್ನು ದಶಕಗಳ ಕಾಲ ಚಾಚೂ ತಪ್ಪದೆ ತಯಾರಿಸಿದ ಮೈಸೂರಿನ ಕಾರ್ಮಿಕರಿಗೆ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ.

ರೇವಾದ ದಾರಿ ಬೇರೆ. ವಿದ್ಯುತ್ ಮೋಟಾರು ಸ್ತಬ್ಧ ಸ್ಥಿತಿಯಿಂದಲೇ ಪೂರ್ಣ ಟಾರ್ಕ್ ನೀಡಬಲ್ಲದು, ವೇಗದ ವಿಶಾಲ ವ್ಯಾಪ್ತಿಯಲ್ಲಿ ದುಡಿಯಬಲ್ಲದು, ವಿದ್ಯುತ್ ಪೂರೈಕೆಯ ಕ್ರಮವನ್ನು ಬದಲಿಸಿದರೆ ಹಿಮ್ಮುಖವಾಗಿಯೂ ತಿರುಗಬಲ್ಲದು. ಆದ್ದರಿಂದ ರಿವರ್ಸ್ ಗೇರೂ ಅನಗತ್ಯವಾಯಿತು. ಹಾಗೆಂದು ಗೇರು ಮಾಯವಾಯಿತೆಂದು ಭಾವಿಸುವುದು ತಪ್ಪು. ಬಿರುಸಾಗಿ ತಿರುಗುವ ಮೋಟಾರಿನ ವೇಗವನ್ನು ತಗ್ಗಿಸಿ ಬಲವನ್ನು ಹಿಗ್ಗಿಸುವ ಒಂದು ಸ್ಥಿರ ಅನುಪಾತದ ಗೇರು ಕಾರಿನಲ್ಲಿ ಉಳಿದೇ ಉಳಿಯಿತು. ತಿರುವಿನಲ್ಲಿ ಒಳಚಕ್ರಕ್ಕಿಂತ ಹೊರಚಕ್ರ ಹೆಚ್ಚು ತಿರುಗಲು ಅವಕಾಶ ಕೊಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವೂ ಉಳಿಯಿತು. ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿದ ಈ ಕಾರಿನ ಕಂಪನಿಯನ್ನು 2010ರಲ್ಲಿ ಮಹೀಂದ್ರ ಸಂಸ್ಥೆ ವಶಪಡಿಸಿಕೊಂಡು, 2013ರಲ್ಲಿ ಇ2ಒ ಎಂಬ ಹೊಸ ಮಾದರಿಯನ್ನು ಹೊರತಂದಾಗಲೂ ಗೇರಿನ ತತ್ತ್ವ ಬದಲಾಗಲಿಲ್ಲ.

ಬದಲಾದದ್ದು ಹಲ್ಲು ಕೊರೆಯುವವರ ಹೊಣೆ. ಎಂಜಿನ್ನಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಗೇರಿನ ಕೀರಲು ದನಿ ನಿಶ್ಶಬ್ದ ಮೋಟಾರಿನ ಪಕ್ಕದಲ್ಲಿ ಸ್ಪಷ್ಟವಾಗಿ ಕೇಳಿಸುವುದರಿಂದ ಹಲ್ಲಿನ ಮೈಯನ್ನು ಇನ್ನಷ್ಟು ನಯವಾಗಿ ಉಜ್ಜಬೇಕಾಗುತ್ತದೆ. ಬ್ರೇಕಿನ ವೇಳೆ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುವಾಗ ಒತ್ತಡವು ಹಲ್ಲಿನ ಇನ್ನೊಂದು ಬದಿಗೂ ಬೀಳುವುದರಿಂದ ಎರಡೂ ಬದಿಗಳನ್ನು ಸಮಾನ ನಿಖರತೆಯಿಂದ ಕೊರೆಯಬೇಕಾಗುತ್ತದೆ.