ಬೆನ್ನೆಲುಬಿನ ಬಿಗಿತರೋಗ ಮತ್ತು ನಿಲುವಿನ ಅಧ್ಯಯನ: ಒಂದು ಚಾರಿತ್ರಿಕ ಅವಲೋಕನ

ಕನ್ನಡದಲ್ಲಿ ಬಾಗಿದ ಬೆನ್ನಿಗೆಲ್ಲ ‘ಗೂನು’ ಎಂಬ ಒಂದೇ ಮಾತು ಸಲ್ಲುತ್ತದೆ. ವೃದ್ಧಾಪ್ಯದ ಬಾಗು, ಕ್ಷಯದಿಂದ ಕಶೇರು ಕುಸಿದ ಬಾಗು, ಉರಿಯೂತದಿಂದ ಕೀಲುಗಳು ಬೆಸೆದುಕೊಂಡ ಬಾಗು ಇವೆಲ್ಲವೂ ಜನರ ಕಣ್ಣಿಗೆ ಒಂದೇ. ಯುರೋಪಿನ ವೈದ್ಯರ ಕಣ್ಣಿಗೂ ಬಹುಕಾಲ ಇವು ಒಂದೇ ಆಗಿದ್ದವು. ಕ್ಷಯದ ಗೂನನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದನು. ಆದರೆ ‘ಅಂಕಿಲೋಸಿಂಗ್ ಸ್ಪಾಂಡಿಲೈಟಿಸ್’ ಎಂದು ಇಂದು ಕರೆಯಲ್ಪಡುವ ರೋಗವು ಸ್ವತಂತ್ರ ವ್ಯಾಧಿಯೆಂದು ಮನ್ನಣೆ ಪಡೆಯಲು ಮತ್ತೊಂದು ಶತಮಾನ ಹಿಡಿಯಿತು. ಈ ಹೆಸರಿನ ಮೊದಲ ಪದದ ಗ್ರೀಕ್ ಮೂಲಕ್ಕೆ ‘ಬಾಗಿದ’ ಎಂಬುದೇ ಪ್ರಾಚೀನ ಅರ್ಥ. ‘ಬಿಗಿದುಕೊಂಡ’ ಎಂಬ ಅರ್ಥ ಅನಂತರದ್ದು. ರೋಗದ ಅಧ್ಯಯನವು ಮಾತ್ರ ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದಿದೆ. ಬಿಗಿತವನ್ನು ಅದು ಮೊದಲು ಕಂಡಿತು. ಬಾಗಿದ ಮನುಷ್ಯನು ಬೀಳದೆ ನಿಲ್ಲುವ ಬಗೆಯನ್ನು ಕೇಳಿದ್ದು ತೀರ ಈಚೆಗೆ.

ಮೊದಲ ಖಚಿತ ದಾಖಲೆ ದೊರೆಯುವುದು ಜೀವಂತ ರೋಗಿಯಿಂದಲ್ಲ, ಅಸ್ಥಿಯಿಂದ. ಐರ್ಲೆಂಡಿನ ವೈದ್ಯ ಬರ್ನಾರ್ಡ್ ಕಾನರ್ ಫ್ರಾನ್ಸಿನ ಸ್ಮಶಾನವೊಂದರಲ್ಲಿ ದೊರೆತ ಅಸ್ಥಿಪಂಜರವನ್ನು ಪರೀಕ್ಷಿಸಿ 1690ರ ದಶಕದಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಸೊಂಟದೆಲುಬು, ತ್ರಿಕಾಸ್ಥಿ, ಹದಿನೈದು ಕಶೇರುಗಳು ಮತ್ತು ಕೆಲವು ಪಕ್ಕೆಲುಬುಗಳು ಒಂದೇ ಎಲುಬೆಂಬಂತೆ ಕೂಡಿಕೊಂಡು ಮುಂಡವು ವೃತ್ತಖಂಡದ ಆಕಾರ ತಾಳಿತ್ತು. ಕಾನರ್ ಎಲುಬಿನ ವರ್ಣನೆಗೆ ನಿಲ್ಲಲಿಲ್ಲ ಎಂಬುದು ಗಮನಾರ್ಹ. ಈ ವ್ಯಕ್ತಿ ಬಾಗಲಾರ, ಮೈ ಚಾಚಲಾರ, ಮಗ್ಗುಲು ತಿರುಗಲಾರ, ಪಕ್ಕೆಲುಬು ಚಲಿಸದ ಕಾರಣ ಸರಾಗವಾಗಿ ಉಸಿರಾಡಲಾರ ಎಂದು ಅವನು ಎಲುಬಿನಿಂದ ಬದುಕನ್ನು ಊಹಿಸಿದನು. ಪೋಲೆಂಡಿನ ದೊರೆ ಜಾನ್ ಸೋಬಿಯೆಸ್ಕಿಯ ಆಸ್ಥಾನವೈದ್ಯನಾಗಿದ್ದ ಈತ 1698ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡನು. ಅವನ ಪ್ರಶ್ನೆಯನ್ನು ಮುಂದುವರಿಸಿದವರು ಬಹುಕಾಲ ಕಾಣಸಿಗುವುದಿಲ್ಲ.

ಅವನು ಊಹಿಸಿದ್ದನ್ನು ಅನುಭವಿಸಿದ ವ್ಯಕ್ತಿಯ ದಾಖಲೆ ಅಮೆರಿಕದ ಮೇನ್ ಪ್ರಾಂತದಿಂದ ಬಂದಿತು. ಲಿಯೊನಾರ್ಡ್ ಟ್ರಾಸ್ಕ್ (1805–1861) ಎಂಬವನು 1833ರಲ್ಲಿ ಕುದುರೆಯಿಂದ ಬಿದ್ದ ಅನಂತರದ ವರ್ಷಗಳಲ್ಲಿ ಕ್ರಮೇಣ ಬಾಗುತ್ತ ಹೋಗಿ, ಅವನ ಗದ್ದ ಎದೆಗೆ ತಾಗುವಂತಾಯಿತು. 1858ರಲ್ಲಿ ಪ್ರಕಟವಾದ ಅವನ ಕಿರುಜೀವನಚರಿತ್ರೆಯು ವೈದ್ಯಗ್ರಂಥವಲ್ಲ. ಓದುಗರ ಕುತೂಹಲವನ್ನೂ ಅನುಕಂಪವನ್ನೂ ನೆಚ್ಚಿಕೊಂಡ ಕೈಹೊತ್ತಿಗೆ. ಆದರೂ ರೋಗದ ಚರಿತ್ರೆಯನ್ನು ಬರೆಯುವವರು ಇದನ್ನು ಬಿಡುವಂತಿಲ್ಲ. ಅದರಲ್ಲಿನ ಚಿತ್ರವು ಬಾಗಿದ ದೇಹವನ್ನು ಪಕ್ಕದಿಂದ, ನಿಂತ ಭಂಗಿಯಲ್ಲಿ ತೋರಿಸುತ್ತದೆ. ಬೀಳುವಿಕೆಯೇ ರೋಗಕ್ಕೆ ಕಾರಣವೆಂದು ಅಂದಿನವರು ಬಗೆದದ್ದು ಸಹಜ. ಬಿಗಿತದಿಂದ ಆಯ ತಪ್ಪಿಯೂ ಬೀಳಬಹುದೆಂಬ ತಿರುವುಮುರುವು ವಿಚಾರ ಅವರಿಗೆ ಹೊಳೆದಿರಲಾರದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೂವರು ವೈದ್ಯರು ರೋಗಕ್ಕೆ ರೂಪ ಕೊಟ್ಟರು. ಜರ್ಮನಿಯ ಅಡಾಲ್ಫ್ ಸ್ಟ್ರುಂಪೆಲ್ 1884ರಲ್ಲಿ ಬೆನ್ನು ಮತ್ತು ತೊಡೆಸಂದಿಗಳು ಪೂರ್ತಿ ಬಿಗಿದ ರೋಗಿಗಳನ್ನು ಉಲ್ಲೇಖಿಸಿದನು. ರಷ್ಯದ ವ್ಲಾಡಿಮಿರ್ ಬೆಖ್ತೆರೆವ್ 1893ರಲ್ಲಿ ಬೆನ್ನೆಲುಬಿನ ಬಿಗಿತವನ್ನು ಬಾಗುವಿಕೆಯೊಡನೆ ಸೇರಿಸಿ ಪ್ರತ್ಯೇಕ ರೋಗವೆಂದನು. ನರರೋಗತಜ್ಞನಾದ ಅವನು ಮೂಲವನ್ನು ನರಗಳಲ್ಲಿ ಹುಡುಕಿದ್ದು ಸರಿಯಾಗಲಿಲ್ಲವಾದರೂ ರಷ್ಯ, ಜರ್ಮನಿಗಳಲ್ಲಿ ರೋಗಕ್ಕೆ ಅವನ ಹೆಸರೇ ನಿಂತಿತು. ಫ್ರಾನ್ಸಿನ ಪಿಯೆರ್ ಮರಿ 1898ರಲ್ಲಿ ಕೊಟ್ಟ ಹೆಸರು ಹೆಚ್ಚು ಅರ್ಥಪೂರ್ಣ: ಕೈಕಾಲುಗಳ ಬುಡದ ಕೀಲುಗಳನ್ನು, ಎಂದರೆ ಭುಜ ಮತ್ತು ತೊಡೆಸಂದಿಗಳನ್ನು, ಹಿಡಿಯುವ ಬೆನ್ನುರೋಗ ಎಂಬುದು ಅದರ ಭಾವ. ನಿಲುವಿನ ಪ್ರಶ್ನೆಗೆ ಉತ್ತರವು ಈ ಬುಡದ ಕೀಲಿನಲ್ಲೇ ಅಡಗಿದೆ.

ಬೆನ್ನು ಮುಂದಕ್ಕೆ ಬಾಗಿದಾಗ ಮುಂಡದ ಭಾರವೂ ಮುಂದಕ್ಕೆ ಸರಿಯುತ್ತದೆ. ದೇಹದ ಗುರುತ್ವಕೇಂದ್ರದಿಂದ ಇಳಿಯುವ ಲಂಬರೇಖೆಯು ಪಾದಗಳ ನಡುವಿನ ನೆಲವನ್ನು ದಾಟಿದರೆ ಮನುಷ್ಯ ಬೀಳಲೇಬೇಕು. ಇದನ್ನು ತಡೆಯಲು ರೋಗಿಯು ತನಗರಿವಿಲ್ಲದೆಯೇ ಸೊಂಟವನ್ನು ಹಿಂದಕ್ಕೆ ತಿರುಗಿಸುತ್ತಾನೆ, ಮೊಣಕಾಲನ್ನು ತುಸು ಮಡಿಸುತ್ತಾನೆ. ನೋಡುವವರಿಗೆ ಕುಸಿದಂತೆ ಕಾಣುವ ಈ ಭಂಗಿಯು ವಾಸ್ತವವಾಗಿ ದೇಹವು ಕಂಡುಕೊಂಡ ಸಮತೋಲ. 1999ರಲ್ಲಿ ನೆದರ್ಲೆಂಡ್ಸಿನ ಬಾಟ್, ವಾನ್ ರಾಯೆನ್ ಮೊದಲಾದವರು ಈ ಹೊಂದಾಣಿಕೆಯನ್ನು ಯಂತ್ರಶಾಸ್ತ್ರದ ದೃಷ್ಟಿಯಿಂದ ವಿಶ್ಲೇಷಿಸಿದರು. ತೊಡೆಸಂದಿಯೂ ಬೆಸೆದುಹೋದವನಿಗೆ ಈ ಉಪಾಯದ ಮುಖ್ಯ ದಾರಿಯೇ ಮುಚ್ಚುತ್ತದೆ. ಸ್ಟ್ರುಂಪೆಲ್ ಕಂಡ ರೋಗಿಗಳ ಸ್ಥಿತಿ ಇಂಥದ್ದು. ಇದರ ಜೊತೆಗೆ ತಲೆ ತಗ್ಗಿದವನ ನೋಟ ನೆಲಕ್ಕೆ ಸೀಮಿತವಾಗುತ್ತದೆ. ಸಮತೋಲಕ್ಕೆ ಕಣ್ಣು, ಒಳಗಿವಿ, ಕತ್ತು ಮತ್ತು ಕಾಲಿನ ಸ್ನಾಯುಗಳು ಒದಗಿಸುವ ಅರಿವಿನಲ್ಲಿ ಒಂದಂಶ ಹೀಗೆ ಕುಂದುತ್ತದೆ.

1895ರಲ್ಲಿ ಕ್ಷಕಿರಣದ ಶೋಧವಾದ ಮೇಲೆ ಬದುಕಿರುವವರ ಎಲುಬೂ ಕಣ್ಣಿಗೆ ಬಿದ್ದಿತು. ಬಿದಿರಿನ ಗೆಣ್ಣುಗಳಂತೆ ಬೆಸೆದ ಬೆನ್ನೆಲುಬಿನ ಛಾಯಾಚಿತ್ರವು ರೋಗದ ಲಾಂಛನವೇ ಆಯಿತು. ಕಿರಣವು ನೋಡುವ ಸಾಧನವಾಗಿ ನಿಂತಿದ್ದರೆ ಒಳಿತಿತ್ತು. 1930ರ ದಶಕದಿಂದ ಬ್ರಿಟನ್ನಿನಲ್ಲಿ ಅದು ಚಿಕಿತ್ಸೆಯೂ ಆಗಿ, ಸಾವಿರಾರು ರೋಗಿಗಳ ಬೆನ್ನಿನ ಮೇಲೆ ಪ್ರಯೋಗವಾಯಿತು. ನೋವು ತಗ್ಗುತ್ತಿತ್ತು ಎಂಬುದು ನಿಜ. 1957ರಲ್ಲಿ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ 13 ಸಾವಿರಕ್ಕೂ ಮಿಕ್ಕ ಇಂಥ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಅವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿದುದನ್ನು ತೋರಿಸಿದರು. ವಿಕಿರಣದ ಅಪಾಯವನ್ನು ಕುರಿತ ಜಾಗತಿಕ ತಿಳಿವಳಿಕೆಗೆ ಬಾಗಿದ ಬೆನ್ನಿನವರು ತಮ್ಮ ಜೀವದಿಂದ ಸಾಕ್ಷ್ಯ ಒದಗಿಸಿದರು.

ಎಲುಬಿನ ಸಾಕ್ಷ್ಯವೂ ಮೋಸಮಾಡಬಲ್ಲದು. ಈಜಿಪ್ಟಿನ ಎರಡನೆಯ ರಾಮ್ಸೆಸ್ ಇದೇ ರೋಗದಿಂದ ಬಳಲಿದ್ದನೆಂದು ಅವನ ಮಮ್ಮಿಯ ಕ್ಷಕಿರಣಚಿತ್ರಗಳ ಆಧಾರದಿಂದ ಹಲವು ಗ್ರಂಥಗಳು ಬರೆದವು. 2014ರಲ್ಲಿ ಸಹರ್ ಸಲೀಂ ಮತ್ತು ಜಾಹಿ ಹವಾಸ್ ರಾಜಮಮ್ಮಿಗಳ ಸಿ.ಟಿ. ಚಿತ್ರಗಳನ್ನು ಪರಿಶೀಲಿಸಿ, ಅದು ವಯಸ್ಸಾದವರಲ್ಲಿ ಕಾಣುವ, ಅಸ್ಥಿರಜ್ಜುಗಳು ಎಲುಬಾಗುವ ಬೇರೊಂದು ಸ್ಥಿತಿಯೆಂದು ನಿರ್ಣಯಿಸಿದರು. ಈ ಸ್ಥಿತಿಯನ್ನು ಫಾರೆಸ್ಟಿಯೆ ಮತ್ತು ರೊಟೆಸ್ ಕೆರೊಲ್ 1950ರಲ್ಲೇ ಪ್ರತ್ಯೇಕವಾಗಿ ವಿವರಿಸಿದ್ದರು.

ಜೀವಂತ ದೇಹವನ್ನು ಅಳೆಯುವ ಕೆಲಸ ಸರಳ ಸಾಧನಗಳಿಂದ ಆರಂಭವಾಯಿತು. ಜರ್ಮನಿಯ ಪಾಲ್ ಶೋಬರ್ 1937ರಲ್ಲಿ ಸೊಂಟದ ಮೇಲೆ ಗುರುತು ಹಾಕಿ, ಬಾಗಿದಾಗ ಚರ್ಮ ಎಷ್ಟು ಹಿಗ್ಗುವುದೆಂದು ಟೇಪಿನಿಂದ ಅಳೆದನು. 1969ರಲ್ಲಿ ಮೆಕ್ರೇ ಮತ್ತು ರೈಟ್ ಇದನ್ನು ಪರಿಷ್ಕರಿಸಿದರು. 1994ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ರೂಪುಗೊಂಡ ಮಾಪನಕ್ರಮದಲ್ಲಿ ಗೋಡೆಗೆ ಬೆನ್ನಾನಿಸಿ ನಿಂತವನ ಕಿವಿಗೂ ಗೋಡೆಗೂ ಇರುವ ಅಂತರವೂ ಸೇರಿತು. ಬಾಸ್ಟನ್ನಿನ ಸ್ಮಿತ್ ಪೀಟರ್ಸನ್ 1945ರಲ್ಲಿ ವಿವರಿಸಿದ ಶಸ್ತ್ರಕ್ರಿಯೆಯು ಬೆನ್ನೆಲುಬಿನ ಹಿಂಭಾಗದ ತುಣುಕನ್ನು ತೆಗೆದು ಬಾಗನ್ನು ನೆಟ್ಟಗಾಗಿಸುತ್ತಿತ್ತು. ರೋಗಿಗೆ ಮತ್ತೆ ಎದುರಿನವರ ಮುಖ ಕಾಣುತ್ತಿತ್ತು. 1973ರಲ್ಲಿ ಎಚ್.ಎಲ್.ಎ. ಬಿ27 ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ಇರುವ ನಂಟು ಪತ್ತೆಯಾಯಿತು. ಲಂಡನ್ನಿನ ಬ್ರೂಅರ್ಟನ್ ಪರೀಕ್ಷಿಸಿದ 75 ರೋಗಿಗಳಲ್ಲಿ 72 ಮಂದಿಗೆ ಅದಿತ್ತು. ಅಲ್ಲಿಂದ ಸಂಶೋಧಕರ ಗಮನ ಬಹುಮಟ್ಟಿಗೆ ರಕ್ತದತ್ತ ಹೊರಳಿತು.

ಸಮತೋಲವನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನಗಳು ಈ ಶತಮಾನದ ಹೊಸ್ತಿಲಿನವು. ಈ ರೋಗಿಗಳ ಸಮತೋಲ ಇತರರಿಗಿಂತ ಕುಂದಿದೆಯೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಮರ್ರೆ ಮತ್ತು ಸಹವರ್ತಿಗಳು 2000ದಲ್ಲಿ ಲೇಖನ ಪ್ರಕಟಿಸಿದರು. ಕೆಲವರಲ್ಲಿ ಅದು ಕುಂದಿದುದನ್ನು ಕಂಡರು. 2006ರಲ್ಲಿ ತುರ್ಕಿಯ ಐದೊ ಮತ್ತು ಸಹವರ್ತಿಗಳು ಭಂಗಿಯ ಬದಲಾವಣೆಯಿಂದ ಸಮತೋಲಕ್ಕೆ ಹಾನಿಯಿಲ್ಲವೆಂದರು. ಈ ಭಿನ್ನತೆಗೆ ಒಂದು ಕಾರಣ ಪರೀಕ್ಷೆಯ ಸ್ವರೂಪದಲ್ಲೇ ಇರಬಹುದು. ಅಲುಗುವ ಹಲಗೆಯ ಮೇಲೆ ಆಸರೆಯಿಲ್ಲದೆ ನಿಲ್ಲಬಲ್ಲವರನ್ನು ಮಾತ್ರ ಹಾಗೆ ಪರೀಕ್ಷಿಸಲು ಸಾಧ್ಯ. ಗದ್ದ ಎದೆಗೆ ತಾಗಿದ ಟ್ರಾಸ್ಕನಂಥವನು ಆ ಎಣಿಕೆಯೊಳಗೆ ಬರುವುದು ಕಷ್ಟ.