ಎರಡು ಕಾಲೇಜು, ಒಂದೇ ಪದವಿ: ಒಟ್ಟು ಸಿಜಿಪಿಎ ಲೆಕ್ಕ ಹಾಕುವುದು ಹೇಗೆ?

ಹೈದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದ್‌ಗೆ ಓದಲು ಹೋಗುವವರಲ್ಲಿ ಕೆಲವರು ಊರಿನ ಕಾಲೇಜಿನಲ್ಲಿ ಪದವಿ ಆರಂಭಿಸಿ ಅಲ್ಲಿ ಮುಗಿಸುತ್ತಾರೆ. ಕೈಯಲ್ಲಿ ಎರಡು ಕಾಲೇಜುಗಳ ಅಂಕಪಟ್ಟಿ ಇರುತ್ತದೆ. ಆದರೆ ಉದ್ಯೋಗ ಅಥವಾ ಉನ್ನತ ವ್ಯಾಸಂಗದ ಅರ್ಜಿಯಲ್ಲಿ ಕೇಳುವುದು ಒಂದೇ ಸರಾಸರಿ. ಇಲ್ಲಿ ಲೆಕ್ಕ ತಪ್ಪಿದರೆ ಅರ್ಹತೆಯೇ ಕೈತಪ್ಪಬಹುದು.

ಎರಡು ಸೇರಿಸಿ ಅರ್ಧ ಮಾಡಬೇಡಿ

ಹೆಚ್ಚಿನವರು ಮಾಡುವ ತಪ್ಪು ಇದು: ಎರಡು ಸಿಜಿಪಿಎ ಕೂಡಿಸಿ ಎರಡರಿಂದ ಭಾಗಿಸುವುದು. ಎರಡೂ ಕಡೆ ಕ್ರೆಡಿಟ್ ಸಮವಾಗಿದ್ದರೆ ಮಾತ್ರ ಇದು ಸರಿ. ಯುಜಿಸಿಯ 10 ಅಂಶಗಳ ಪದ್ಧತಿಯಲ್ಲಿ ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. 'ಒ' ಗ್ರೇಡ್‌ಗೆ 10, 'ಎ ಪ್ಲಸ್'ಗೆ 9, 'ಎ'ಗೆ 8, 'ಬಿ ಪ್ಲಸ್'ಗೆ 7 ಪಾಯಿಂಟ್.

ಒಂದು ಉದಾಹರಣೆ ನೋಡಿ:

* ಮೊದಲ ಕಾಲೇಜು: 40 ಕ್ರೆಡಿಟ್, ಸಿಜಿಪಿಎ 8.40. ಗುಣಿಸಿದರೆ 336.
* ಎರಡನೇ ಕಾಲೇಜು: 80 ಕ್ರೆಡಿಟ್, ಸಿಜಿಪಿಎ 6.90. ಗುಣಿಸಿದರೆ 552.
* ಒಟ್ಟು 888. ಇದನ್ನು 120 ಕ್ರೆಡಿಟ್‌ನಿಂದ ಭಾಗಿಸಿದರೆ 7.40.

ಸುಮ್ಮನೆ ಅರ್ಧ ಮಾಡಿದ್ದರೆ 7.65 ಬರುತ್ತಿತ್ತು. ಕಟ್ ಆಫ್ 7.5 ಇದ್ದರೆ ಈ ವಿದ್ಯಾರ್ಥಿ ಅರ್ಹರಲ್ಲ. ಆದರೂ ಅರ್ಹರೆಂದೇ ನಂಬಿ ಅರ್ಜಿ ಹಾಕಿ, ದಾಖಲೆ ಪರಿಶೀಲನೆಯ ದಿನ ಹೊರಗುಳಿಯುತ್ತಾರೆ.

ಶೇಕಡಾವಾರು ಮಾಡುವಾಗ ಎಚ್ಚರ

ಸಿಜಿಪಿಎಯನ್ನು ಶೇಕಡಾವಾರು ಮಾಡುವ ಸೂತ್ರ ಎಲ್ಲ ಕಡೆ ಒಂದೇ ಅಲ್ಲ. ಹೈದರಾಬಾದ್‌ನ ಜೆಎನ್‌ಟಿಯು ನಿಯಮದಲ್ಲಿ ಸಿಜಿಪಿಎಯಿಂದ 0.5 ಕಳೆದು 10ರಿಂದ ಗುಣಿಸುತ್ತಾರೆ. ಎಐಸಿಟಿಇ ಪಟ್ಟಿಯಲ್ಲಿ ಕಳೆಯುವುದು 0.75. ಅಂದರೆ ಅದೇ 7.40 ಒಂದು ಕಡೆ ಶೇ. 69, ಇನ್ನೊಂದು ಕಡೆ ಶೇ. 66.5. ಹಾಗಾಗಿ ಅಂಕಪಟ್ಟಿ ಕೊಟ್ಟ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಿ. ಎರಡು ವಿಶ್ವವಿದ್ಯಾಲಯಗಳ ಗ್ರೇಡ್ ಪದ್ಧತಿಯೇ ಬೇರೆಯಾಗಿದ್ದರೆ, ಮೊದಲು ಎರಡನ್ನೂ ಆಯಾ ಸೂತ್ರದಂತೆ ಶೇಕಡಾವಾರು ಮಾಡಿ, ಆಮೇಲೆ ಕ್ರೆಡಿಟ್ ಪ್ರಕಾರ ಸರಾಸರಿ ತೆಗೆಯಿರಿ.

ಕ್ರೆಡಿಟ್ ಬ್ಯಾಂಕ್ ಏನು ಮಾಡುತ್ತದೆ?

ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್ ಒಂದೇ ಖಾತೆಯಲ್ಲಿ ಜಮಾ ಆಗುತ್ತದೆ. ಗರಿಷ್ಠ 7 ವರ್ಷ ಚಾಲ್ತಿಯಲ್ಲಿರುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಅದೇ ವರ್ಷ ತೆಲಂಗಾಣ ಉನ್ನತ ಶಿಕ್ಷಣ ಮಂಡಳಿ ಹೈದರಾಬಾದ್‌ನ ಕೆಲವು ಪದವಿ ಕಾಲೇಜುಗಳಿಗೆ ಕ್ಲಸ್ಟರ್ ಪದ್ಧತಿ ಘೋಷಿಸಿತು. ಒಂದು ಕಾಲೇಜಿನ ವಿದ್ಯಾರ್ಥಿ ಇನ್ನೊಂದು ಕಾಲೇಜಿನಲ್ಲಿ ಒಂದು ವಿಷಯ ಓದುವ ಅವಕಾಶ ಕೊಡುವುದು ಇದರ ಉದ್ದೇಶ.

ಆದರೆ ನೆನಪಿಡಿ: ಖಾತೆಯಲ್ಲಿ ಕ್ರೆಡಿಟ್ ಇದೆ ಎಂದಮಾತ್ರಕ್ಕೆ ಹಳೆಯ ಗ್ರೇಡ್ ಹೊಸ ಸಿಜಿಪಿಎಗೆ ಸೇರಿತು ಎಂದಲ್ಲ. ಕಾಲೇಜು ಬದಲಿಸುವ ಮುನ್ನವೇ ಪರೀಕ್ಷಾ ವಿಭಾಗದಲ್ಲಿ ಇದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ವಿದೇಶಕ್ಕೆ ಅರ್ಜಿ ಹಾಕುವವರು

ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನೀವು ಓದಿದ ಪ್ರತಿ ಸಂಸ್ಥೆಯ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತವೆ. 4 ಅಂಶಗಳ ಜಿಪಿಎಗೆ ನೀವೇ ಪರಿವರ್ತಿಸಲು ಹೋಗಬೇಡಿ. ಅದಕ್ಕೆ ಡಬ್ಲ್ಯುಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಗಳಿವೆ.

ನೀವು ಹಾಕಿದ ಒಟ್ಟು ಸರಾಸರಿ ನಿಮ್ಮ ಅಂದಾಜಿಗೆ ಮಾತ್ರ. ಅರ್ಜಿಯಲ್ಲಿ ಅಂಕಪಟ್ಟಿಯ ಮೇಲಿರುವ ಅಂಕಿಯನ್ನೇ ಬರೆಯಿರಿ. ಒಟ್ಟು ಸರಾಸರಿ ಕಡ್ಡಾಯವೆಂದಿದ್ದರೆ ಲೆಕ್ಕದ ಹಾಳೆಯನ್ನು ಜೊತೆಗಿಟ್ಟುಕೊಳ್ಳಿ.